ಸಾಣೆಯಣ್ಣ ಮೊಂಡು ಮಾಡಿದ ಚಾಕು

ಸೋಫಾ ರಿಪೇರಿ ಅಂಗಡಿಯಲ್ಲಿ ಅವನಿಗೆ ಸಾಣೆಯಣ್ಣ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಹೆಸರು ಮಾತ್ರ ಅಂಟಿಕೊಂಡುಬಿಟ್ಟಿತು. ಚಾಕು ಮಸೆಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ, ಅದಕ್ಕೇ ಗೌರವದಿಂದ ಹಾಗೆ ಕರೆಯುತ್ತಾರೆ ಎಂದು ಅವನು ಬಹಳ ಕಾಲ ನಂಬಿಕೊಂಡಿದ್ದ. ಒಂದು ದಿನ ಹೊಲಿಗೆ ಮೆಷಿನ್ನಿನ ಮುಂದೆ ಕೂರುವ ಹಿರಿಯ ದರ್ಜಿ ನಿಜ ಬಾಯಿಬಿಟ್ಟ. "ಸಾಣೆಕಲ್ಲಿಗೆ ತಾಗಿದ್ದೆಲ್ಲ ಸವೆದು ಹೋಗುತ್ತಲ್ಲಪ್ಪ. ನಿನ್ನ ಪಕ್ಕ ಕೂತ್ರೆ ನಮ್ಮ ಕಿವಿಗೂ ಅದೇ ಗತಿ." ಸಾಣೆಯಣ್ಣ ಕೆಲವು ದಿನ ಮುಖ ಊದಿಸಿಕೊಂಡು ಓಡಾಡಿದ. ಆಮೇಲೆ ಆ ಮಾತನ್ನು ತಾನೇ ಬಂದಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸತೊಡಗಿದ. ತನ್ನನ್ನು ತಾನೇ ಗೇಲಿ ಮಾಡಿಕೊಂಡುಬಿಟ್ಟರೆ ಊರಿನವರಿಗೆ ಆ ಸುಖ ಉಳಿಯುವುದಿಲ್ಲ ಎಂಬುದು ಅವನು ಕಂಡುಕೊಂಡ ಉಪಾಯ.

ಗೇಲಿಗೆ ಸರಕೂ ಕಡಿಮೆ ಇರಲಿಲ್ಲ. ಅವನ ಕೆಲಸ ಹಳೆಯ ಸೋಫಾಗಳನ್ನು ಸುಲಿಯುವುದು. ಹರಿದ ರೆಕ್ಸಿನ್ ಕಿತ್ತು, ಕುಸಿದ ಫೋಮ್ ತೆಗೆದು, ಹೊಸ ಫೋಮನ್ನು ಅಳತೆಗೆ ಕತ್ತರಿಸಿ, ಮೇಲೆ ಬಟ್ಟೆ ಎಳೆದು ಬಿಗಿಯುವುದು. ಇದಕ್ಕೆ ಬೇಕಾದದ್ದು ಒಂದು ದೊಡ್ಡ ಕತ್ತರಿ, ಜೊತೆಗೆ ಅಂಗಡಿಯ ಯಜಮಾನರು ಡಬ್ಬಿಗಟ್ಟಲೆ ತರಿಸುವ ಪ್ಲಾಸ್ಟಿಕ್ ಹಿಡಿಯ ಕಟರ್. ಮೊಂಡಾದರೆ ಬ್ಲೇಡಿನ ತುದಿ ಮುರಿದು ಬಿಸಾಕಿದರಾಯಿತು. ಸಾಣೆಯಣ್ಣನೂ ದಿನವಿಡೀ ಆ ಕಟರನ್ನೇ ಹಿಡಿದಿರುತ್ತಿದ್ದ. ಪ್ಯಾಂಟಿನ ಜೇಬಿನಲ್ಲಿ ಮಾತ್ರ ದಿನಕ್ಕೊಂದು ಮಡಿಚುವ ಚಾಕು. ಅದನ್ನು ರೆಕ್ಸಿನ್ನಿಗೆ ತಾಗಿಸಿದರೆ ಅಲಗಿಗೆ ಗೀರು ಬೀಳುತ್ತದೆ, ಫೋಮಿಗೆ ತಾಗಿಸಿದರೆ ಗೋಂದು ಮೆತ್ತಿಕೊಳ್ಳುತ್ತದೆ. ಹಾಗಾದರೆ ಅದು ಕೊಯ್ಯುವುದಾದರೂ ಏನನ್ನು? ಪಾರ್ಸೆಲ್ಲುಗಳನ್ನು. ಪಾರ್ಸೆಲ್ಲಿನಲ್ಲಿ ಬರುವುದೇನು? ಇನ್ನೊಂದು ಚಾಕು. "ನನ್ನ ಚಾಕುಗಳೆಲ್ಲ ಸೂಲಗಿತ್ತಿಯರು ಕಣ್ರೀ, ಒಂದು ಇನ್ನೊಂದರ ಹೆರಿಗೆ ಮಾಡಿಸುತ್ತೆ," ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಮನೆಯ ಬೀರುವಿನಲ್ಲಿ ಅವನ ಅಂಗಿಗಳಿಗೆಂದು ಇದ್ದ ಖಾನೆ ಈಗ ಚಾಕುಗಳದ್ದಾಗಿತ್ತು. ಅಂಗಿಗಳು ಕುರ್ಚಿಯ ಬೆನ್ನಿಗೆ ಬಂದಿದ್ದವು. ಹಸಿರು ಬಟ್ಟೆ ಹಾಸಿ, ಅದರ ಮೇಲೆ ಚಾಕುಗಳನ್ನು ಸ್ಟೀಲಿನ ಜಾತಿಯ ಪ್ರಕಾರ ಸಾಲುಸಾಲಾಗಿ ಮಲಗಿಸಿದ್ದ. ಕಾರ್ಬನ್ ಸ್ಟೀಲಿನವು ಒಂದು ಕಡೆ, ಸ್ಟೇನ್‌ಲೆಸ್ ಇನ್ನೊಂದು ಕಡೆ, ಅಚ್ಚುಗಳನ್ನು ಮಾಡುವ ಗಟ್ಟಿ ಸ್ಟೀಲಿನವು ನಡುವೆ. ಹೆಂಡತಿ ಒಮ್ಮೆ ಆ ಸಾಲುಗಳನ್ನು ನೋಡಿ, "ಇಷ್ಟು ಅಚ್ಚುಕಟ್ಟಾಗಿ ನಮ್ಮ ಆಸ್ಪತ್ರೇಲಿ ಆಪರೇಷನ್ ಸಾಮಾನೂ ಇಟ್ಟಿರಲ್ಲ," ಎಂದಿದ್ದಳು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದ.

ಅವನ ವಾದಕ್ಕೆ ಎದುರುವಾದಿ ಪಕ್ಕದ ಮಳಿಗೆಯ ಬೀಗದವನು. ಬೀಗ ರಿಪೇರಿ, ಕಳೆದುಹೋದ ಬೀಗದಕೈಗೆ ಬದಲಿ ಮಾಡಿಕೊಡುವುದು ಅವನ ಕಸುಬು. ಚಹಾದ ಹೊತ್ತಿಗೆ ಇಬ್ಬರೂ ಎರಡು ಮಳಿಗೆಗಳ ನಡುವಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು.

"ಟೆನ್ ನೈಂಟಿಫೈವ್ ಅಂದ್ರೆ ಅಪ್ಪಟ ಕಾರ್ಬನ್ ಸ್ಟೀಲು," ಎಂದು ಸಾಣೆಯಣ್ಣ ಶುರು ಮಾಡುವನು. "ಕಲ್ಲಿನ ಮೇಲೆ ನಾಲ್ಕು ಸಲ ಎಳೆದ್ರೆ ಸಾಕು, ಕೂದಲು ಸೀಳುತ್ತೆ."

"ಮಾರನೇ ದಿನ ತುಕ್ಕು ಹಿಡಿಯುತ್ತೆ."

"ಒರೆಸಿ ಇಡಬೇಕಪ್ಪ."

"ನಿನ್ನ ಕನ್ನಡಕಾನೇ ನೀನು ಒರೆಸಲ್ಲ."

"ಅಂಥವರಿಗೇ ಡಿ-ಟೂ ಇರೋದು. ಕಾರ್ಖಾನೆ ಅಚ್ಚಿನ ಸ್ಟೀಲು. ತಿಂಗಳುಗಟ್ಟಲೆ ಹರಿತ ಹೋಗಲ್ಲ."

"ಹೋದ್ಮೇಲೆ ಮಸೆಯೋಕೂ ತಿಂಗಳುಗಟ್ಟಲೆ ಬೇಕು," ಎನ್ನುವನು ಬೀಗದವನು, ಚಹಾ ಊದುತ್ತ. "ನಂದು ನೋಡು, ಸಾದಾ ಸ್ಟೇನ್‌ಲೆಸ್ಸು. ಡಬ್ಬಿ ಮುಚ್ಚಳ ತೆಗೀತೀನಿ, ಸ್ಕ್ರೂ ತಿರುಗಿಸ್ತೀನಿ, ಹಣ್ಣೂ ಹೆಚ್ಚುತ್ತೀನಿ. ಒಂದು ದಿನಾನೂ ಜಾತಕ ಕೇಳಿಲ್ಲ."

ಸ್ಕ್ರೂ ತಿರುಗಿಸುವ ಮಾತು ಕೇಳಿದರೆ ಸಾಣೆಯಣ್ಣ ಕಿವಿ ಮುಚ್ಚಿಕೊಳ್ಳುತ್ತಿದ್ದ. ಒಮ್ಮೆ ದರ್ಜಿ ಕೇಳಿದ: "ಮನುಷ್ಯರನ್ನ ಸ್ಟೀಲು ಅಂತ ಇಟ್ಕೊಂಡ್ರೆ ನೀನು ಯಾವುದಯ್ಯಾ?" ಸಾಣೆಯಣ್ಣ ಒಂದು ಗುಟುಕು ಚಹಾ ಕುಡಿದು, "ಅಗ್ಗದ ಸ್ಟೇನ್‌ಲೆಸ್ಸು. ಹೊಳೀತೀನಿ, ಕೊಯ್ಯಲ್ಲ," ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ನಗುತ್ತಲೇ, ಇದು ಇಷ್ಟು ನಿಜವಾಗಬಾರದಿತ್ತು ಎಂದುಕೊಂಡ.

ಅವನ ಮಾತನ್ನು ಆಕಳಿಸದೆ ಕೇಳುವ ಜೀವ ಭೂಮಿಯ ಮೇಲೆ ಒಂದೇ ಒಂದಿತ್ತು. ಅದು ಅವನ ಮಾವ, ಹೆಂಡತಿಯ ಅಪ್ಪ. ಅವರು ನರ್ಸರಿಯಲ್ಲಿ ಕಸಿ ಕಟ್ಟುತ್ತಿದ್ದವರು. ಒಂದು ಗಿಡದ ಎಳೆ ಟೊಂಗೆಯನ್ನು ಓರೆಯಾಗಿ ಕೊಯ್ದು, ಇನ್ನೊಂದು ಗಿಡದ ಬುಡಕ್ಕೆ ಕೂಡಿಸಿ, ಪಟ್ಟಿ ಸುತ್ತಿ ಎರಡನ್ನೂ ಒಂದು ಮಾಡುವ ಕೆಲಸ. ಕೊಯ್ದ ಜಾಗ ನುಣುಪಾಗಿರದಿದ್ದರೆ ಎರಡೂ ಒಣಗುತ್ತವೆ. ಅವರ ಮಡಿಚುವ ಚಾಕಿಗೆ ಮರದ ಹಿಡಿ, ಗಿಡಗಳ ಸೊನೆ ಕುಡಿದು ಕಪ್ಪಾದ ಕಾರ್ಬನ್ ಸ್ಟೀಲಿನ ಅಲಗು. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಮಾತ್ರ ಇಳಿಜಾರು. ಕಸಿಗೆ ಹಾಗೇ ಬೇಕು. ಮಸೆದೂ ಮಸೆದೂ ಅಲಗು ಅರ್ಧ ಅಗಲಕ್ಕೆ ಬಂದಿತ್ತು. ಮದುವೆಗೆ ಮುಂಚೆ ಮೊದಲ ಸಲ ಆ ಮನೆಗೆ ಹೋದಾಗ ಸಾಣೆಯಣ್ಣನ ಕಣ್ಣು ಹುಡುಗಿಗಿಂತ ಮೊದಲು ಬಿದ್ದದ್ದು ಆ ಚಾಕಿನ ಮೇಲೆ. ಅದನ್ನು ಹೆಂಡತಿ ಇವತ್ತಿಗೂ ಸಮಯ ನೋಡಿ ಎತ್ತಿ ಆಡುತ್ತಾಳೆ.

ಅತ್ತೆ ತೀರಿಕೊಂಡ ಮೇಲೆ ಮಾವ ಮಗಳ ಮನೆಗೇ ಬಂದರು. ಒಂದು ಪೆಟ್ಟಿಗೆ, ನಾಲ್ಕು ಕುಂಡ, ಒಂದು ಚಾಕು ತಂದರು. ಅಂದಿನಿಂದ ಅಳಿಯನಿಗೆ ಬೀಗದವನ ಅಗತ್ಯ ಕಡಿಮೆಯಾಯಿತು.

"ಅಳಿಯಂದ್ರೇ, ಈ ಹೊಸದು ಯಾವ ಸ್ಟೀಲು?" ಎಂದು ಮಾವ ಕೇಳುವರು, ಪಾರ್ಸೆಲ್ ಬಂದಾಗಲೆಲ್ಲ.

"ಪುಡಿ ಸ್ಟೀಲು ಮಾವ. ಕರಗಿಸಿ, ಪುಡಿ ಮಾಡಿ, ಮತ್ತೆ ಒತ್ತಿ ಗಟ್ಟಿ ಮಾಡ್ತಾರೆ."

"ಗಟ್ಟಿ ಇದ್ದದ್ದನ್ನ ಪುಡಿ ಮಾಡಿ, ಮತ್ತೆ ಗಟ್ಟಿ ಮಾಡೋದಾ! ಒಳ್ಳೆ ಸರ್ಕಾರಿ ಕೆಲಸ ಆಯ್ತಲ್ಲ," ಎಂದು ಮಾವ ಚಾಕನ್ನು ಬೆಳಕಿಗೆ ಹಿಡಿದು ಹೆಬ್ಬೆರಳಲ್ಲಿ ಅಡ್ಡಲಾಗಿ ಸವರಿ, "ಚೆನ್ನಾಗಿದೆ. ಏನು ಕೊಯ್ತೀರಿ ಇದರಲ್ಲಿ?" ಎನ್ನುವರು. ಅಳಿಯ ಮಾತು ಬದಲಾಯಿಸುವನು.

ಸಂಜೆ ಅಳಿಯ, ಮಗಳು ಇಬ್ಬರೂ ಕೆಲಸದಿಂದ ಬಂದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಹಣ್ಣು ಹೆಚ್ಚುವುದು ಮಾವನ ಹಕ್ಕು. ಸೇಬೋ, ಪೇರಳೆಯೋ, ಏನಿದ್ದರೂ ಅವರೇ ಹೆಚ್ಚಬೇಕು. ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಸುರುಳಿಯಾಗಿ ತೆಗೆದು, ತಿರುಳನ್ನು ಸಮನಾಗಿ ಹೋಳು ಮಾಡಿ ತಟ್ಟೆಯಲ್ಲಿ ಜೋಡಿಸುವರು. ಹಣ್ಣಿಗೆ ಸ್ವಲ್ಪ ಕಬ್ಬಿಣದ ವಾಸನೆ ಬಂದಿರುತ್ತಿತ್ತು. ಕಾರ್ಬನ್ ಸ್ಟೀಲಿನ ಗುಣವೇ ಅದು. ಯಾರೂ ಬೇಡವೆನ್ನುತ್ತಿರಲಿಲ್ಲ.

ಕಳೆದ ವರ್ಷದಿಂದ ಮಾವನ ಕೈ ನಡುಗತೊಡಗಿತ್ತು. ಡಾಕ್ಟರು ವಯಸ್ಸು ಎಂದರು, ಒಂದು ಮಾತ್ರೆ ಕೊಟ್ಟರು. ಮಾತ್ರೆ ನಿದ್ದೆ ತರಿಸಿತೇ ಹೊರತು ನಡುಕ ನಿಲ್ಲಿಸಲಿಲ್ಲ. ಸುರುಳಿ ನಡುನಡುವೆ ತುಂಡಾಗತೊಡಗಿತು. ಒಂದು ಸೇಬು ಮುಗಿಯುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಮಗಳು ಆಸ್ಪತ್ರೆಯಲ್ಲಿ ನರ್ಸು, ಅದೂ ಗಾಯಗಳಿಗೆ ಕಟ್ಟು ಕಟ್ಟುವ ಕೋಣೆಯಲ್ಲಿ. ದಿನವಿಡೀ ಕೊಯ್ದುಕೊಂಡ ಬೆರಳುಗಳನ್ನೇ ನೋಡಿ ಮನೆಗೆ ಬಂದವಳು, ಅಪ್ಪನ ಹೆಬ್ಬೆರಳ ಮುಂದೆ ಅಲಗು ನಡುಗುವುದನ್ನು ನೋಡುತ್ತ ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

ಆ ಮನೆಯಲ್ಲಿ ಮಾವನಿಂದ ಯಾವುದನ್ನೂ ಕೇಳಿ ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ವಸ್ತುಗಳು ತಾವಾಗಿಯೇ ಮಾಯವಾಗುತ್ತಿದ್ದವು. ಸ್ಕೂಟರಿನ ಬೀಗದಕೈ ಕಳೆದುಹೋಯಿತು. ಅದು ಮಗಳ ಕೈಚೀಲದ ತಳದಲ್ಲಿತ್ತು. ಗಡ್ಡದ ಬ್ಲೇಡು ಯಾವ ಅಂಗಡಿಯಲ್ಲೂ ಸಿಗದಂತಾಯಿತು. ನೀರು ಕಾಯಿಸುವ ಕೆಟಲ್ ಸೋರುತ್ತದೆಂದು ಅಟ್ಟ ಸೇರಿತು. ಎಲ್ಲವೂ ಪ್ರೀತಿಯಿಂದಲೇ ಆದದ್ದು. ಅಪ್ಪನ ಮುಖ ನೋಡಿ 'ನಿನ್ನ ಕೈಯಲ್ಲಿ ಇನ್ನು ಆಗುವುದಿಲ್ಲ' ಎನ್ನುವ ಧೈರ್ಯ ಮಗಳಿಗಿರಲಿಲ್ಲ. ಉಳಿದದ್ದು ಚಾಕು ಒಂದೇ. ಅದೂ ಹೋದರೆ ಆ ಮನುಷ್ಯ ತನ್ನ ಕೈಯಾರೆ ಮಾಡುವ ಕೆಲಸ ಯಾವುದೂ ಉಳಿಯುವುದಿಲ್ಲ ಎಂಬುದು ಗಂಡ ಹೆಂಡಿರಿಬ್ಬರಿಗೂ ಗೊತ್ತಿತ್ತು.

"ರೀ, ಅಪ್ಪನ ಹತ್ರ ಚಾಕು ತಗೊಂಡುಬಿಡಿ," ಎಂದಳು ಅವಳು ಒಂದು ಭಾನುವಾರ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ.

"ನಾನಾ?"

"ಮತ್ತೆ ನಾನಾ? ಚಾಕು ವಿಷಯ ಅಲ್ವಾ, ನಿಮ್ಮ ಮಾತು ಕೇಳ್ತಾರೆ."

"ಅದು ಎಂಥ ಸ್ಟೀಲು ಗೊತ್ತಾ ನಿನಗೆ? ಈಗಿನ ಕಾಲದಲ್ಲಿ ಅಂಥ ಹದ ಕೊಡೋರೇ ಇಲ್ಲ."

"ಚಿನ್ನದ ಚೂರಿ ಅಂತ ಕುತ್ತಿಗೆ ಕೊಯ್ದುಕೊಳ್ಳೋಕಾಗುತ್ತಾ? ಹೇಗಾದ್ರೂ ಮಾಡಿ. ನೋವಾಗದ ಹಾಗೆ ಮಾಡಿ."

ಹೇಗಾದರೂ ಮಾಡಿ ಎಂಬ ಮಾತನ್ನು ಸಾಣೆಯಣ್ಣನಂಥವನಿಗೆ ಹೇಳಬಾರದು. ನೇರವಾಗಿ ಕೇಳುವುದೊಂದನ್ನು ಬಿಟ್ಟು ಉಳಿದ ಎಲ್ಲ ದಾರಿಗಳನ್ನೂ ಅವನು ಯೋಚಿಸಿದ. ಕದ್ದರೆ ಮಾವ ಮನೆಯೆಲ್ಲ ಹುಡುಕುತ್ತಾರೆ. ಬೇರೆಯದನ್ನು ಕೊಟ್ಟರೆ ಹಿಡಿಯುವಾಗಲೇ ಗೊತ್ತಾಗುತ್ತದೆ. ಕೊನೆಗೆ ಹೊಳೆದ ಉಪಾಯಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ. ಚಾಕು ಮಾವನ ಹತ್ತಿರವೇ ಇರಲಿ. ಹರಿತ ಮಾತ್ರ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮೊಂಡು ಚಾಕೇ ಹೆಚ್ಚು ಕೈ ಕೊಯ್ಯುವುದು, ಒತ್ತಿ ಒತ್ತಿ ಜಾರುತ್ತದೆ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನು ಇವನೇ. ಆ ಪಾಠವನ್ನೂ ದಾಟಿ ಹೋದ. ಕೈಯನ್ನೂ ಕೊಯ್ಯಲಾರದಷ್ಟು ಮೊಂಡು ಮಾಡಿದರೆ ಆಯಿತಲ್ಲ!

"ಮಾವ, ಚಾಕು ಕೊಡಿ. ಒಂದು ಕೈ ಮಸೆದು ಕೊಡ್ತೀನಿ," ಎಂದ.

"ತಗೊಳ್ಳಿ, ಪುಣ್ಯ ಕಟ್ಕೊಳ್ಳಿ," ಎಂದು ಮಾವ ಎರಡನೆಯ ಯೋಚನೆ ಇಲ್ಲದೆ ಕೊಟ್ಟರು.

ಹಿತ್ತಲ ಕಲ್ಲಿನ ಮೆಟ್ಟಿಲ ಮೇಲೆ ಕೂತು ಸಾಣೆಯಣ್ಣ ಜೀವಮಾನದಲ್ಲಿ ಮೊದಲ ಸಲ ಚಾಕು ಕೆಡಿಸಲು ಹೊರಟ. ಅಲಗನ್ನು ಮೆಟ್ಟಿಲ ಅಂಚಿಗೆ ಉಜ್ಜಿದ. ಉಜ್ಜಿ ಉಗುರಿನ ಮೇಲಿಟ್ಟು ನೋಡಿದರೆ ಮೊದಲಿಗಿಂತ ಹರಿತ! ವರ್ಷಗಟ್ಟಲೆ ಪಳಗಿದ ಕೈ ಕೇಳಬೇಕಲ್ಲ. ಕಲ್ಲು ಕಂಡರೆ ಸಾಕು, ತಾನಾಗಿ ಸರಿಯಾದ ಓರೆಗೆ ಬಂದು ನಿಲ್ಲುತ್ತಿತ್ತು. ಇನ್ನೊಮ್ಮೆ ಉಜ್ಜಿದ, ಇನ್ನೂ ಹರಿತವಾಯಿತು. ಒಳ್ಳೆಯ ಕೆಲಸ ಮಾಡಲು ಹೋದಾಗ ಕೆಡಿಸುವವರನ್ನು ಕಂಡಿದ್ದ. ಕೆಡಿಸಲು ಹೋಗಿ ಸೋತವನು ಲೋಕದಲ್ಲಿ ತಾನೊಬ್ಬನೇ ಇರಬೇಕು ಎನ್ನಿಸಿತು. ಕೊನೆಗೆ ಕಣ್ಣು ಮುಚ್ಚಿ, ಅಲಗನ್ನು ನೆಟ್ಟಗೆ ನಿಲ್ಲಿಸಿ ಗರಗಸದಂತೆ ಕಲ್ಲಿನ ಮೇಲೆ ಎಳೆದ. ಆ ಸದ್ದಿಗೆ ಅವನ ಹಲ್ಲು ಚುಳುಚುಳು ಎಂದವು. ಇಷ್ಟಾದ ಮೇಲೂ ಸುಮ್ಮನಿರಲಿಲ್ಲ. ಬುಡದಲ್ಲಿ ಸ್ವಲ್ಪ ಹರಿತ ಉಳಿದಿರುವುದು ಕಂಡು, ಭೂತಗನ್ನಡಿ ತಂದು, ಬುಡದಿಂದ ತುದಿಯವರೆಗೆ ಒಂದೇ ಸಮನಾಗಿ ಮೊಂಡು ಮಾಡಿದ. ಒರೆಸಿ, ಎಣ್ಣೆ ಸವರಿ, ಮಡಿಚಿ, ತೆಗೆದುಕೊಂಡು ಹೋಗಿ ಕೊಟ್ಟ.

ಆ ಸಂಜೆ ಮಾವ ಸೇಬು ತೆಗೆದುಕೊಂಡರು. ಅಲಗು ಸಿಪ್ಪೆಯ ಮೇಲೆ ಜಾರಿತು. ಇನ್ನೊಮ್ಮೆ ಇಟ್ಟರು, ಜಾರಿತು. ಒತ್ತಿದರು. ಒತ್ತಿದಷ್ಟೂ ಕೈ ಹೆಚ್ಚು ನಡುಗಿತು, ಮೊಣಕೈವರೆಗೂ ನಡುಗಿತು. ಸೇಬು ಕೈತಪ್ಪಿ ಮೇಜಿನ ಕೆಳಗೆ ಉರುಳಿತು. ಸಾಣೆಯಣ್ಣ ಬಗ್ಗಿ ಎತ್ತಿಕೊಟ್ಟ. ಬಗ್ಗಿದವನಿಗೆ ಮತ್ತೆ ಮೇಲೇಳುವ ಮನಸ್ಸಾಗಲಿಲ್ಲ.

"ಚಾಕು ಸರಿ ಇಲ್ವೇನೋ ಅಪ್ಪಾ," ಎಂದಳು ಮಗಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಪಾಪ.

ಸಾಣೆಯಣ್ಣನದು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಸ್ಥಿತಿ.

"ಛೇ, ಚಾಕಿಗೇನಾಗಿದೆ?" ಎಂದರು ಮಾವ. "ಇವತ್ತು ತಾನೇ ಅಳಿಯಂದ್ರು ಮಸೆದು ಕೊಟ್ಟಿದ್ದಾರೆ. ಕುಣಿಯೋಕೆ ಬರದವರು ನೆಲ ಡೊಂಕು ಅನ್ಬಾರದು. ನನ್ನ ಕೈಯಲ್ಲೇ ಬಲ ಹೋಗಿದೆ." ಅಲಗನ್ನು ಹೆಬ್ಬೆರಳಲ್ಲಿ ಸವರಿ ನೋಡುವ ತಮ್ಮ ಹಳೆಯ ಅಭ್ಯಾಸವನ್ನೂ ಅಂದು ಅವರು ಮಾಡಲಿಲ್ಲ. ಅಳಿಯನ ಮೇಲೆ ಅಷ್ಟು ನಂಬಿಕೆ. ಚಾಕು ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಸೇಬನ್ನು ಬುಟ್ಟಿಯಲ್ಲಿಟ್ಟು, ಎದ್ದು ಹೋದರು.

ಕೆಲಸ ಕೈಗೂಡಿತು ಎಂದು ಸಾಣೆಯಣ್ಣ ತನಗೆ ತಾನೇ ಹೇಳಿಕೊಂಡ. ನೋವಾಗದ ಹಾಗೆ ಮಾಡಿ ಎಂದಿದ್ದಳು, ರಕ್ತವಂತೂ ಬರಲಿಲ್ಲ. ಆದರೆ ಮಾವ ಚಾಕಿನೊಂದಿಗೆ ಇನ್ನೂ ಏನೇನನ್ನೋ ಮಡಿಚಿಟ್ಟರು. ಕುಂಡಗಳಿಗೆ ನೀರು ಹಾಕುವ ತಂಬಿಗೆ ಮೂಲೆ ಸೇರಿತು. "ಎತ್ತೋಕಾಗಲ್ಲಮ್ಮ, ಚೆಲ್ಲಿಬಿಡ್ತೀನಿ," ಎಂದರು. ಅಂಗಿಯ ಗುಂಡಿ ಹಾಕಿಕೊಡು ಎಂದು ಮಗಳ ಮುಂದೆ ಬಂದು ನಿಂತರು. ಅದುವರೆಗೆ ಎಷ್ಟು ಹೊತ್ತಾದರೂ ತಾವೇ ಹಾಕಿಕೊಳ್ಳುತ್ತಿದ್ದರು. ಊಟಕ್ಕೆ ಕೂತರೆ, ನೀರಿನ ಲೋಟ ಎತ್ತಬೇಕಾಗುತ್ತದೆಂದು ನೀರನ್ನೇ ಕುಡಿಯದೆ ಏಳುತ್ತಿದ್ದರು. ಮಗಳು ಗಾಬರಿಯಾದಳು.

"ಚಾಕು ಒಂದು ಬಿಡಲಿ ಅಂತ ಇದ್ದೆ. ಇದೇನ್ರೀ, ಎಲ್ಲಾನೂ ಬಿಡ್ತಾ ಇದ್ದಾರೆ," ಎಂದಳು. "ಕಾಯಿಲೆ ಜಾಸ್ತಿ ಆಗಿರಬೇಕು. ದೊಡ್ಡ ಡಾಕ್ಟರಿಗೆ ತೋರಿಸೋಣ."

ಕಾಯಿಲೆ ಎಲ್ಲಿದೆ ಎಂದು ಸಾಣೆಯಣ್ಣನಿಗೆ ಗೊತ್ತಿತ್ತು. ಅದು ಅವಳ ಎದುರಿಗೇ ಕೂತು ತಲೆ ಅಲ್ಲಾಡಿಸುತ್ತಿತ್ತು.

ಮಾರನೆಯ ದಿನ ಮೆಟ್ಟಿಲ ಮೇಲೆ ಕೂತು ಬೀಗದವನಿಗೆ ಎಲ್ಲ ಹೇಳಿದ. ಹೇಳುವಾಗಲೂ ಅಭ್ಯಾಸಬಲದಿಂದ ನಗಿಸುವ ಹಾಗೆಯೇ ಹೇಳಿದ: ಮೊಂಡು ಮಾಡಲು ಹೋಗಿ ಹರಿತವಾದದ್ದು, ಭೂತಗನ್ನಡಿ ತಂದದ್ದು. ಬೀಗದವನು ನಗಲಿಲ್ಲ.

"ಅವರಿಗೆ ಹೇಳಿದ್ಯಾ?"

"ಹೇಗೆ ಹೇಳೋದು? ಸಮಯ ನೋಡ್ತಾ ಇದ್ದೀನಿ."

"ನಿನ್ನ ಹತ್ರ ಅಷ್ಟು ಬಗೆ ಸ್ಟೀಲಿದೆ," ಎಂದ ಬೀಗದವನು, "ಬೆನ್ನುಮೂಳೆಗೆ ಮಾತ್ರ ಒಂದೂ ಹಾಕಿಸ್ಕೊಂಡಿಲ್ಲ." ಹೇಳಿ ಎದ್ದು ಒಳಗೆ ಹೋದ. ತನ್ನ ಬಗ್ಗೆ ಇದಕ್ಕಿಂತ ಒಳ್ಳೆಯ ಹಾಸ್ಯವನ್ನು ಸಾಣೆಯಣ್ಣ ಜೀವಮಾನದಲ್ಲಿ ಮಾಡಿರಲಿಲ್ಲ. ಆದರೂ ಅದನ್ನು ಯಾವ ಗಿರಾಕಿಗೂ ಹೇಳಿ ನಗಿಸಲಿಲ್ಲ.

ಅಂದು ಬೇಗ ಮನೆಗೆ ಬಂದ. ಹೆಂಡತಿ ಇನ್ನೂ ಬಂದಿರಲಿಲ್ಲ. ಮಾವ ತಮ್ಮ ಕೋಣೆಯಲ್ಲಿ ಮಂಚದ ತುದಿಗೆ ಕೂತಿದ್ದರು, ಕೈಗಳೆರಡನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು.

"ಬಂದ್ರಾ? ಕೂತ್ಕೊಳ್ಳಿ ಅಳಿಯಂದ್ರೇ. ನಿಮ್ಮನ್ನೇ ಕಾಯ್ತಿದ್ದೆ," ಎಂದರು. ಕಷ್ಟಪಟ್ಟು ಜೇಬಿನಿಂದ ಚಾಕು ತೆಗೆದು ಅವನ ಕಡೆ ಚಾಚಿದರು. "ಇದು ಇನ್ಮೇಲೆ ನಿಮ್ಮ ಹತ್ರ ಇರಲಿ. ನಾನು ಎಷ್ಟು ಟೊಂಗೆ ಕೊಯ್ದೆನೋ ಇದರಲ್ಲಿ, ಲೆಕ್ಕ ಇಲ್ಲ. ನಿಮ್ಮ ಕೈಲಿದ್ರೆ ಮೊಂಡಾಗಲ್ಲ ಅಂತ ಒಂದು ಸಮಾಧಾನ."

ಹೆಂಡತಿ ಹೇಳಿದ ಕೆಲಸ ಇದೇ. ತೆಗೆದುಕೊಂಡರೆ ಮುಗಿಯಿತು, ಯಾರಿಗೂ ಯಾವುದೂ ತಿಳಿಯುವುದಿಲ್ಲ. ಸಾಣೆಯಣ್ಣ ಕೈ ಚಾಚಿ ಚಾಕು ತೆಗೆದುಕೊಂಡ. ಕಾರ್ಬನ್ ಸ್ಟೀಲಿನ ಸಾಲಿನಲ್ಲಿ ಬಲಗಡೆ ಜಾಗ ಇದೆ ಎಂದು ಅವನ ತಲೆ ಆಗಲೇ ಲೆಕ್ಕ ಹಾಕಿತು. ಹಾಗೆ ಲೆಕ್ಕ ಹಾಕಿದ್ದು ಅರಿವಿಗೆ ಬಂದ ಕೂಡಲೇ ಅವನಿಗೆ ತನ್ನ ಮೇಲೆ ನಿಜವಾದ ಹೇಸಿಗೆ ಹುಟ್ಟಿತು. ನಗಿಸುವ ಹೇಸಿಗೆಯಲ್ಲ, ಬಾಯಿ ಕಹಿಯಾಗುವ ಹೇಸಿಗೆ.

"ಮಾವ," ಎಂದ, "ನಿಮ್ಮ ಕೈಯದು ತಪ್ಪಿಲ್ಲ. ಚಾಕೇ ಮೊಂಡು. ನಾನು ಬೇಕು ಅಂತಲೇ ಮೊಂಡು ಮಾಡಿ ಕೊಟ್ಟೆ."

ಮಾವನಿಗೆ ತಕ್ಷಣ ಅರ್ಥವಾಗಲಿಲ್ಲ. ಅವನ ಕೈಯಿಂದ ಚಾಕನ್ನು ಮತ್ತೆ ತೆಗೆದುಕೊಂಡು, ಬಿಡಿಸಿ, ಹೆಬ್ಬೆರಳನ್ನು ಅಲಗಿನ ಮೇಲೆ ಅಡ್ಡಲಾಗಿ ಸವರಿದರು. ಬುಡದಿಂದ ತುದಿಯವರೆಗೆ ನಿಧಾನವಾಗಿ ಸವರಿದರು.

"ಎಷ್ಟು ಸಮವಾಗಿ ಮಾಡಿದ್ದೀರಿ," ಎಂದರು ಕೊನೆಗೆ.

ಸಾಣೆಯಣ್ಣನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಮಗಳು ಹೇಳಿದಳಾ?"

"ತಗೊಂಡುಬಿಡಿ ಅಂದಳು ಅಷ್ಟೇ. ಮೊಂಡು ಮಾಡೋ ಬುದ್ಧಿ ನಂದು."

"ಸ್ಕೂಟರ್ ಕೀ ಅವಳ ಬ್ಯಾಗಲ್ಲಿದೆ ಅಂತ ನನಗೆ ಗೊತ್ತು," ಎಂದರು ಮಾವ. ದನಿ ಏರಲಿಲ್ಲ. "ಕೆಟಲ್ ಸೋರಲ್ಲ ಅಂತಾನೂ ಗೊತ್ತು. ಮಗು ಹೆದರಿದೆ, ಹೋಗಲಿ ಅಂತ ಸುಮ್ಮನಿದ್ದೆ. ಅವೆಲ್ಲ ಸಾಮಾನು ಅಳಿಯಂದ್ರೇ, ಹೋದ್ರೆ ಹೋಗುತ್ತೆ. ನೀವು ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗೋ ಹಾಗೆ ಮಾಡಿದ್ರಿ. ಇಷ್ಟು ದಿನ ಒಂದು ಲೋಟ ನೀರು ಎತ್ತೋಕೂ ಹೆದರಿಕೊಂಡು ಕೂತಿದ್ದೆ ನಾನು."

"ತಪ್ಪಾಯ್ತು ಮಾವ," ಎಂದ ಸಾಣೆಯಣ್ಣ. ಆ ಮಾತು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ಇನ್ನೊಮ್ಮೆ ಹೇಳಲು ಬಾಯಿ ತೆರೆದ.

ಮಾವ ತಡೆದರು. ನಡುಗುವ ಅಂಗೈಯನ್ನು ಅವನ ಮುಂದೆ ಚಾಚಿದರು. "ನಿಮ್ಮ ಜೇಬಲ್ಲಿರೋ ಚಾಕು ಕೊಡಿ."

ಅವನ ಜೇಬಿನಲ್ಲಿ ಅಂದು ಇದ್ದದ್ದು ಆ ವಾರ ತಾನೇ ಬಂದದ್ದು, ಇನ್ನೂ ಒಂದು ಪಾರ್ಸೆಲ್ಲನ್ನೂ ಕೊಯ್ಯದ ಚಾಕು. ಯಾಕೆ ಎಂದು ಕೇಳದೆ ತೆಗೆದು ಆ ಅಂಗೈಯಲ್ಲಿಟ್ಟ.

"ನೋಡಿದ್ರಾ?" ಎಂದರು ಮಾವ. "ಹೀಗೆ ಕೇಳಬೇಕು. ಮುಖ ನೋಡಿ ಕೇಳಿದ್ರೆ ಮನುಷ್ಯರು ಕೊಡ್ತಾರೆ." ಹೊಸ ಚಾಕನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಹಿಂದಕ್ಕೆ ಕೊಡುವ ಲಕ್ಷಣ ಕಾಣಲಿಲ್ಲ. "ಈಗ ಹೋಗಿ ಕಲ್ಲು ತನ್ನಿ. ನನ್ನ ಕಣ್ಣೆದುರಿಗೇ ಮಸೀರಿ."

ಅಡುಗೆಮನೆಯ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ, ಕಲ್ಲಿಟ್ಟು, ನೀರು ಚಿಮುಕಿಸಿ ಸಾಣೆಯಣ್ಣ ಮಸೆಯಲು ಕೂತ. ಮಾವ ಎದುರು ಕುರ್ಚಿಯಲ್ಲಿ. ಅವನು ಇಷ್ಟು ವರ್ಷ ಮಸೆದದ್ದೆಲ್ಲ ಹೊಗಳಿಸಿಕೊಳ್ಳಲು. ಇಂದು ತಲೆ ಎತ್ತದೆ ಮಸೆದ. ಇಳಿಜಾರು ಮೈಯನ್ನು ಮಾತ್ರ ಕಲ್ಲಿಗೆ ಕೊಟ್ಟು, ಚಪ್ಪಟೆ ಮೈಯನ್ನು ಕೊನೆಯಲ್ಲಿ ಒಮ್ಮೆ ಹಗುರವಾಗಿ ಸವರಿದ. ಕಲ್ಲಿನ ಮೇಲೆ ಬೂದುಬಣ್ಣದ ನೀರು ನಿಂತಿತು. ಅರ್ಧದಲ್ಲಿ ಮಾವ ಎದ್ದು, ತಾವೇ ಲೋಟಕ್ಕೆ ನೀರು ಬಗ್ಗಿಸಿ, ಅಂಗಿಯ ಮೇಲೆ ಸ್ವಲ್ಪ ಚೆಲ್ಲಿಕೊಂಡು ಕುಡಿದರು.

ಮಗಳು ಬಾಗಿಲು ತೆಗೆದು ಒಳಗೆ ಬಂದಾಗ ಮಾವನ ಬಲಗೈಯಲ್ಲಿ ಬಿಚ್ಚಿದ ಚಾಕು, ಎಡಗೈಯಲ್ಲಿ ಸೇಬು, ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಇನ್ನೊಂದು ಚಾಕು.

"ಏನ್ರೀ ಇದು!" ಎಂದು ಅವಳು ಗಂಡನ ಕಡೆ ತಿರುಗಿದಳು. "ಒಂದನ್ನ ತಗೊಳ್ಳಿ ಅಂದ್ರೆ ಇನ್ನೊಂದನ್ನೂ ಕೊಟ್ಟು ಕೂತಿದ್ದೀರಲ್ಲ!"

ಸಾಣೆಯಣ್ಣ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ನಿಂತ. ಆಮೇಲೆ, ಒಮ್ಮೆ ಬಾಯಿ ಬಿಟ್ಟಾಗಿದೆಯಲ್ಲ ಎಂದು, ಮೆಟ್ಟಿಲ ಕಲ್ಲಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಈ ಸಲ ನಗಿಸುವ ಮಾತು ಒಂದೂ ಸೇರಿಸಲಿಲ್ಲ. ಹೇಳುತ್ತ ಹೇಳುತ್ತ ಹೆಂಡತಿಯ ಕೋಪ ಇಳಿದು ಮುಖ ಬಿಳಿಚಿಕೊಂಡದ್ದು ಕಂಡಿತು. ಗುಂಡಿ ಹಾಕಿಕೊಡು ಎಂದು ಅಪ್ಪ ತನ್ನ ಮುಂದೆ ನಿಂತದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು.

"ನಿಮ್ಮ ಕೈಗೆ ಚಾಕು ಕೊಟ್ಟವರಿಗೆ ಬುದ್ಧಿ ಇಲ್ಲ," ಎಂದಳು ಗಂಡನಿಗೆ. ಬ್ಯಾಗಿಗೆ ಕೈ ಹಾಕಿ, ತಳದಲ್ಲಿದ್ದ ಸ್ಕೂಟರಿನ ಬೀಗದಕೈಯನ್ನು ಮುಟ್ಟಿ, ಕೈ ತೆಗೆದಳು. "ನನಗೂ ಇಲ್ಲ."

ಮಾವ ಚಾಕನ್ನು ಮಡಿಚಲಿಲ್ಲ. "ನಿನಗೆ ಇದು ಬೇಕಾ ಮಗಳೇ?" ಎಂದರು. "ಬೇಕಾದ್ರೆ ಕೇಳು. ಕೊಡ್ತೀನಿ. ಕದೀಬೇಡಿ."

ಅವಳು ಅಪ್ಪನ ಕೈಯನ್ನು ನೋಡಿದಳು. ಕೈ ನಡುಗುತ್ತಲೇ ಇತ್ತು. ಚಾಕು ಹರಿತವಾದ ಮಾತ್ರಕ್ಕೆ ಅದು ನಿಂತಿರಲಿಲ್ಲ.

"ನನಗೆ ಭಯ ಆಗುತ್ತೆ ಅಪ್ಪಾ," ಎಂದಳು. ಇಷ್ಟು ತಿಂಗಳಲ್ಲಿ ಅವಳು ಆ ಮಾತನ್ನು ಅಪ್ಪನಿಗೆ ಹೇಳಿದ್ದು ಇದೇ ಮೊದಲು. ಹೇಳಿದ ಕೂಡಲೇ ಅವಳ ಕಣ್ಣಲ್ಲಿ ನೀರು ಬಂತು.

"ನನಗೂ ಆಗುತ್ತಮ್ಮ," ಎಂದರು ಮಾವ. "ದಿನಾ ಆಗುತ್ತೆ."

ಅವಳು ಕಣ್ಣು ಒರೆಸಿಕೊಂಡು, ಕುರ್ಚಿ ಎಳೆದು ಅಪ್ಪನ ಪಕ್ಕದಲ್ಲಿ ಕೂತಳು. ಚಾಕು ಕೇಳಲಿಲ್ಲ. ಅವರ ಎಡಗೈಯಿಂದ ಸೇಬನ್ನು ಬಿಡಿಸಿಕೊಂಡು, ಮೇಜಿನ ಮೇಲಿಟ್ಟು, ತನ್ನ ಎರಡೂ ಕೈಗಳಿಂದ ಅಲುಗದಂತೆ ಹಿಡಿದಳು. "ಹೂಂ, ಕೊಯ್ಯಿ," ಎಂದಳು.

ಮಾವ ಮೊಣಕೈಯನ್ನು ಮೇಜಿಗೆ ಊರಿದರು. ಒತ್ತಬೇಕಾಗಲಿಲ್ಲ, ಅಲಗು ತನ್ನ ಭಾರಕ್ಕೇ ಸಿಪ್ಪೆಯೊಳಗೆ ಇಳಿಯಿತು. ಮಗಳ ಬೆರಳುಗಳ ಪಕ್ಕದಲ್ಲೇ ನಡುಗುತ್ತ ನಡುಗುತ್ತ ಕೆಳಕ್ಕೆ ಬಂತು. ಅವಳು ಕೈ ತೆಗೆಯಲಿಲ್ಲ.